ಸಂತೆ ಶೌಚಾಲಯದ ಅನುದಾನ ಪುರಾಣ

ಸರ್ಕಾರಿ ಅನುದಾನ ಹುಡುಕಿಕೊಂಡು ಹೊರಟವನಿಗೆ ಅನುದಾನ ಸಿಗುತ್ತದೋ ಇಲ್ಲವೋ, ನಗುವುದಕ್ಕಂತೂ ಬರ ಬರುವುದಿಲ್ಲ. ತುಂಗಭದ್ರಾ ಡ್ಯಾಮಿನ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ನಾನು ಊರೂರಿನ ಜನರಿಗೆ ಅರ್ಜಿ, ಕ್ರಿಯಾ ಯೋಜನೆ ಬರೆದುಕೊಡುತ್ತಿದ್ದೇನೆ. ಸಮಾಜಸೇವೆ ಅಂತ ನಾನು ಹೇಳಿಕೊಳ್ಳುತ್ತೇನೆ. "ಮನ್ಯಾಗ ಕುಂತ್ರ ನನ್ನ ತಲಿ ತಿಂತಾರ, ಹೋಗ್ಲಿ ಬಿಡ್ರಿ" ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಕಂಪ್ಲಿ ಕಡೆಯ ಒಂದು ಊರಿನ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಸಂಘವಿದೆ. ಅದರ ಅಧ್ಯಕ್ಷೆ ಬದನೆಕಾಯಿ ಮಾರುವಾಕೆ. ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಒಂದು ದಿನ ಮನೆಗೆ ಬಂದಳು. ಮುಂಜಾನೆ ಬಂದ ಹೆಂಗಸರು ಕತ್ತಲಾಗುವತನಕ ಸಂತೆಯಲ್ಲೇ ಇರಬೇಕು, ಅಲ್ಲೊಂದು ಶೌಚಾಲಯವಿಲ್ಲ. "ಸರ್ಕಾರದಾಗ ಏನೇನೋ ಯೋಜನೆ ಇರ್ತಾವಂತಲ್ರಿ, ನಮಗ ನಾಕು ಗ್ವಾಡಿ ಎದ್ರ ಸಾಕು" ಎಂದಳು. ನಾಲ್ಕು ಗೋಡೆ ತಾನೇ, ಎಷ್ಟರ ಮಾತು ಅಂದುಕೊಂಡೆ.

೧. ಯಾವ ಟೇಬಲ್ಲು?

ಹೊಸಪೇಟೆಯ ಒಂದು ಕಚೇರಿಗೆ ಇಬ್ಬರೂ ಹೋದೆವು. ಮೊದಲ ಟೇಬಲ್ಲಿನವರು, "ಸಂತಿ ಮೈದಾನ ನಮಗ ಬರಂಗಿಲ್ರಿ, ಆ ಟೇಬಲ್ಲಿಗೆ ಹೋಗ್ರಿ" ಎಂದರು. ಆ ಟೇಬಲ್ಲಿನವರು, "ಮೈದಾನ ನಮ್ದು ಖರೆ, ಶೌಚಾಲಯ ನಮ್ದಲ್ಲ" ಎಂದರು. ಶೌಚಾಲಯದ ಟೇಬಲ್ಲಿನವರು ಮನೆಗಾದರೆ ಕೊಡುತ್ತಾರಂತೆ, ಸಂತೆಗೆ ಇಲ್ಲವಂತೆ. "ಹೆಣ್ಮಕ್ಕಳದಾದ್ರ ಮ್ಯಾಲಿನ ಮಹಡಿ ನೋಡ್ರಿ" ಎಂದರು. ಮೇಲಿನ ಮಹಡಿಯವರು ಊಟಕ್ಕೆ ಹೋಗಿದ್ದರು.

ಅಕ್ಕ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. "ಮೈದಾನ ಒಬ್ರದು, ಗ್ವಾಡಿ ಒಬ್ರದು, ಹೆಣ್ಮಕ್ಳು ಇನ್ನೊಬ್ರದು. ಅವಸರ ಆದಾಗ ನಾವು ಯಾವ ಟೇಬಲ್ಲಿಗೆ ಓಡಬೇಕ್ರಿ?"

೨. ತುಂಬಿ ಹರಿಯುವ ಯೋಜನೆ

ಕೊನೆಗೂ ಒಂದು ಯೋಜನೆ ಸಿಕ್ಕಿತು. ಆದರೆ ಕ್ರಿಯಾ ಯೋಜನೆ ಕೊಡಲು ಎರಡೇ ದಿನ ಉಳಿದಿತ್ತು. ಸಂಡೂರು ತಾಲ್ಲೂಕಿನ ಚೋರನೂರು ಕಡೆಯವರಿಗೆ ಚೆಕ್ ಡ್ಯಾಮಿಗೆಂದು ಬರೆದುಕೊಟ್ಟ ಹಳೇ ಫೈಲು ನನ್ನ ಕಂಪ್ಯೂಟರಿನಲ್ಲಿತ್ತು. ಊರ ಹೆಸರು ಬದಲಿಸಿದೆ. 'ಚೆಕ್ ಡ್ಯಾಂ' ಇದ್ದಲ್ಲೆಲ್ಲ 'ಶೌಚಾಲಯ' ಹಾಕಿದೆ. ಭಾರೀ ಬುದ್ಧಿವಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದು ಮೂವರು ಸಾಹೇಬರ ಸಹಿ, ಸೀಲು ಹೊತ್ತುಕೊಂಡು ಸಂಘದ ಒಪ್ಪಿಗೆಗೆ ವಾಪಸ್ಸು ಬಂತು. ಓದಿಸಿ ಕೇಳದೆ ಅಕ್ಕ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವವಳಲ್ಲ. ಸಂಘದ ಹೆಂಗಸರ ಮುಂದೆ ಗಟ್ಟಿಯಾಗಿ ಓದಿದೆ: "ಸದರಿ ಶೌಚಾಲಯವು ಮಳೆಗಾಲದಲ್ಲಿ ತುಂಬಿ ಹರಿಯುವುದರಿಂದ ಸುತ್ತಲಿನ ಇಪ್ಪತ್ತು ಎಕರೆ ನೀರಾವರಿಗೆ ಒಳಪಟ್ಟು, ಗ್ರಾಮಸ್ಥರ ಕುಡಿಯುವ ನೀರಿನ ಬವಣೆಯೂ ನೀಗುವುದು."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿ ನೀರಾಗಿ, "ತಿದ್ದಿ ತರ್ತೀನಿ" ಎಂದೆ. ಅಕ್ಕ ಕಾಗದ ಕಸಿದುಕೊಂಡು ಹೆಬ್ಬೆಟ್ಟು ಒತ್ತಿಯೇಬಿಟ್ಟಳು. "ಮೂರು ಮಂದಿ ಸಾಹೇಬ್ರು ಒಪ್ಯಾರ, ತಿದ್ದಾಕ ನೀವ್ಯಾರ್ರಿ? ತಿದ್ದಿದ್ರ ಮತ್ತ ಮೂರು ಸಹಿ ಆಗಬೇಕು!"

೩. ಸ್ಥಳ ಪರಿಶೀಲನೆ

ಸ್ಥಳ ನೋಡಲು ಒಬ್ಬ ಸಾಹೇಬರು ಬರುತ್ತಾರೆಂದು ತಿಳಿದ ಕೂಡಲೇ ಅಕ್ಕ ಒಂದು ಹೂಟ ಹೂಡಿದಳು. ಬಂದವರಿಗೆ ಕೂತಲ್ಲೇ ಎರಡು ಗ್ಲಾಸು ಕಬ್ಬಿನ ಹಾಲು. ಆಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ. ಮಿರ್ಚಿಯ ಖಾರಕ್ಕೆ ಒಂದು ಚೊಂಬು ಮಜ್ಜಿಗೆ. ಮೇಲೆ ಚಹಾ. "ಅವಸರ ಅಂದ್ರ ಏನಂತ ಸಾಹೇಬ್ರಿಗೂ ಗೊತ್ತಾಗ್ಲಿ" ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಅರ್ಧ ತಾಸಿನಲ್ಲಿ ಸಾಹೇಬರು ನಿಂತಲ್ಲಿ ನಿಲ್ಲದಾದರು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅವರು ಅತ್ತಿತ್ತ ನೋಡಿ, ಸೀದಾ ಜಾಲಿಗಿಡದ ಹಿಂದೆ ಹೋಗಿ, ಹಗುರಾಗಿ ಬಂದು ವರದಿ ಬರೆದರು: "ಸ್ಥಳ ವಿಶಾಲವಾಗಿದೆ. ಸದ್ಯಕ್ಕೆ ಶೌಚಾಲಯದ ಅವಶ್ಯಕತೆ ಕಂಡುಬರುವುದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮಾತ್ರ ಜಾಲಿಗಿಡದ ಕಡೆ ನೋಡುತ್ತ, "ನಾಕು ಗ್ವಾಡಿಗೆ ಅಂತ ಕೊಟ್ಟ ಕಬ್ಬಿನ ಹಾಲು ಗಿಡದ ಪಾಲಾತಲ್ರಿ!" ಎಂದಳು.

೪. ಮೇಡಂ

ಮತ್ತೆ ಅರ್ಜಿ ಹಾಕಿದೆ. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಗಿ, ಅವರ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದರು. ಸಂತೆ ದಿನವೇ ಸ್ಥಳ ನೋಡಲು ಬಂದರು. ನೆತ್ತಿ ಸುಡುವ ಬಿಸಿಲು. ಅಕ್ಕ ಕಬ್ಬಿನ ಹಾಲು ಮುಂದೆ ಹಿಡಿದಳು.

"ಬೇಡಮ್ಮ."

"ಮಜ್ಜಿಗಿ?"

"ಬೇಡ."

"ನೀರಾರ ಕುಡೀರಿ, ತುಟಿ ಒಣಗ್ಯಾವ."

"ಬೇಡಮ್ಮ. ಹೊರಗೆ ತಿರುಗುವಾಗ ನಾನು ಏನೂ ಕುಡಿಯೋದಿಲ್ಲ."

ಅಕ್ಕ ಅವರ ಮುಖವನ್ನೇ ನೋಡಿದಳು. "ನಾವೂ ಅಷ್ಟರಿ. ಸಂತಿ ದಿನ ಮುಂಜಾನಿಂದ ಒಂದು ಹನಿ ನೀರು ಬಾಯಿಗೆ ಹಾಕಂಗಿಲ್ಲ."

ಮೇಡಂ ಪೆನ್ನು ತೆಗೆದರು. ಬದನೆಕಾಯಿ ಬುಟ್ಟಿಯ ಮೇಲೆ ಫೈಲಿಟ್ಟು ಅಲ್ಲೇ ಸಹಿ ಮಾಡಿದರು. "ಕಟ್ಟಡ ಆಗ್ಲಿ, ಬಂದು ಎರಡು ಗ್ಲಾಸು ಕುಡೀತೀನಿ" ಎಂದರು. ಪುಟಗಟ್ಟಲೆ ಅರ್ಜಿ ಬರೆದ ನನಗೆ ಈ ಒಂದು ಮಾತು ಹೊಳೆದೇ ಇರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

೫. ಉದ್ಘಾಟನೆ

ಕಟ್ಟಡ ಎದ್ದಿತು. ಕೊಟ್ಟ ಮಾತಿನಂತೆ ಮೇಡಂ ಮುಂದಿನ ಸಂತೆ ದಿನವೇ ಬಂದರು. ಎರಡಲ್ಲ, ಮೂರು ಗ್ಲಾಸು ಕಬ್ಬಿನ ಹಾಲು ಕುಡಿದರು. ಸಂಘದ ಹೆಂಗಸರೂ ಅಂದು ಧೈರ್ಯವಾಗಿ ಚೊಂಬುಗಟ್ಟಲೆ ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೇ ಎದ್ದು ಹೊರಟರು.

ನೋಡಿದರೆ ಬಾಗಿಲಿಗೆ ಬೀಗ, ಅದಕ್ಕೆ ಅಡ್ಡ ಕೆಂಪು ರಿಬ್ಬನ್ನು. ಕೀಲಿ ಹಿಡಿದಿದ್ದ ಕಾವಲುಗಾರ, "ಉದ್ಘಾಟನಿ ಆಗೋತನಕ ತೆಗಿಯಂಗಿಲ್ರಿ. ದೊಡ್ಡೋರು ಮುಂದಿನ ತಿಂಗಳು ಬರ್ತಾರಂತ" ಎಂದ.

ಮೇಡಂ ಅಕ್ಕನ ಮುಖ ನೋಡಿದರು. ಅಕ್ಕ ಮೇಡಂ ಮುಖ ನೋಡಿದಳು. ಇಬ್ಬರಿಗೂ ಮಾತಾಡುವಷ್ಟು ಪುರುಸೊತ್ತಿರಲಿಲ್ಲ. ಅಕ್ಕ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ರಿಬ್ಬನ್ನು ಕತ್ತರಿಸಿದಳು. ಮೇಡಂ ಕಾವಲುಗಾರನ ಕೈಯಿಂದ ಕೀಲಿ ಕಸಿದುಕೊಂಡು ಬೀಗ ತೆಗೆದರು. ದೀಪವಿಲ್ಲ, ಹಾರವಿಲ್ಲ, ಸ್ವಾಗತ ಭಾಷಣವಿಲ್ಲ. ಹೊರಗೆ ನಿಂತು ಚಪ್ಪಾಳೆ ತಟ್ಟಿದವನು ನಾನೊಬ್ಬನೇ.

ನನ್ನ ಅಷ್ಟು ವರ್ಷದ ಸರ್ವೀಸಿನಲ್ಲೂ ನಿವೃತ್ತನಾದ ಮೇಲೂ ನಾನು ಕಂಡ, ಹೇಳಿದ ಹೊತ್ತಿಗಿಂತ ಒಂದು ತಿಂಗಳು ಮೊದಲೇ ಶುರುವಾದ ಸರ್ಕಾರಿ ಕಾರ್ಯಕ್ರಮ ಅದೊಂದೇ.