ಮಂಗೋಲಿಯಾದ ರಾಯಭಾರಿ ಮತ್ತು ನನ್ನ ಸ್ವಾಗತ ಭಾಷಣ

ಮೈಕು ಕೈಗೆ ಬಂದರೆ ಕೆಲವರಿಗೆ ಕೈ ನಡುಗುತ್ತದೆ. ನನಗೆ ಊಟ ಮಾಡಿದಷ್ಟು ತೃಪ್ತಿಯಾಗುತ್ತದೆ. ಶಿರಾಳಕೊಪ್ಪದ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರು. ಅಲ್ಲಿ ಯಾವ ಸಮಾರಂಭವಾದರೂ ಸ್ವಾಗತವೂ ನನ್ನದೇ, ವಂದನಾರ್ಪಣೆಯೂ ನನ್ನದೇ. ನಡುವೆ ಏನೋ ಒಂದು ಕಾರ್ಯಕ್ರಮ ಅಂತ ನಡೆಯುತ್ತದೆ. ನನ್ನ ಹೆಂಡತಿಯ ತವರು ಆನವಟ್ಟಿ. ಅವಳ ತಮ್ಮನ ಮದುವೆಯಲ್ಲಿ ಯಾರೋ ಪುಣ್ಯಾತ್ಮರು ವಧೂವರರ ಬಗ್ಗೆ ಎರಡು ಮಾತಾಡಿ ಎಂದು ನನಗೆ ಮೈಕು ಕೊಟ್ಟರು. "ನೀವು ಕೆಳಗಿಳಿಯೋ ಹೊತ್ತಿಗೆ ಎಲೆ ಮೇಲಿನ ಅನ್ನ ಆರಿ ಹೋಗಿತ್ತು ಕಣ್ರೀ" ಎಂದು ಅವಳು ಈಗಲೂ ಹೇಳುತ್ತಾಳೆ. ಅನ್ನ ಆರಿದ್ದು ನಿಜ. ಮಾತು ಮಾತ್ರ ಚೆನ್ನಾಗಿತ್ತು.

ಇಂಥ ನನಗೆ ಈ ವರ್ಷ ವಿಶ್ವಸಂಸ್ಥೆ ಗಂಟುಬಿತ್ತು. ಮಕ್ಕಳು ಒಂದೊಂದು ದೇಶದ ರಾಯಭಾರಿಗಳಾಗಿ ಮಹಾಸಭೆಯ ಅಣಕು ಅಧಿವೇಶನ ನಡೆಸಬೇಕು, ಚೆನ್ನಾಗಿ ಮಾತಾಡಿದ ಇಬ್ಬರನ್ನು ಶಿವಮೊಗ್ಗದ ಜಿಲ್ಲಾ ಅಧಿವೇಶನಕ್ಕೆ ಕಳಿಸಬೇಕು ಎಂದು ಹೆಡ್‌ಮಾಸ್ತರು ಹೇಳಿದರು. ನಾನು ಹದಿನೆಂಟು ದೇಶಗಳನ್ನು ಆರಿಸಿದೆ. ಅಮೆರಿಕಕ್ಕೆ ನೂಕುನುಗ್ಗಲಾಯಿತು. ಮಂಗೋಲಿಯಾ ಯಾರಿಗೂ ಬೇಡವಾಗಿ ಮೇಜಿನ ಮೇಲೆ ಉಳಿಯಿತು. ಹಿಂದಿನ ಬೆಂಚಿನ ಕಾವ್ಯ ಎದ್ದು, "ಅದು ನನಗಿರಲಿ ಸಾರ್" ಅಂದಳು. ತಾಳಗುಂದದ ಕಡೆಯ ಹುಡುಗಿ, ಮನೆಯಲ್ಲಿ ಕುರಿ ಸಾಕುತ್ತಾರೆ. ಹಾಜರಿ ಕೂಗಿದಾಗ ಬಿಟ್ಟರೆ ಈ ವರ್ಷ ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ರಾಯಭಾರಿ ಎಂದ ಮೇಲೆ ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಈತ ನಮ್ಮವನೇ ಎಂದು ತನ್ನ ದೇಶದಿಂದ ಪತ್ರ ತಂದು ಮಹಾ ಕಾರ್ಯದರ್ಶಿಗೆ ಒಪ್ಪಿಸಬೇಕು. ನಾನು ಮಕ್ಕಳಿಗೆ, ಪತ್ರಕ್ಕೆ ಮನೆಯವರ ಸಹಿ ಹಾಕಿಸಿಕೊಂಡು ಬನ್ನಿ, ಅವರೇ ನಿಮ್ಮ ದೇಶದ ಮುಖ್ಯಸ್ಥರು ಎಂದೆ. ಮರುದಿನ ಕಾವ್ಯಳ ಅಪ್ಪ ಬೀರಪ್ಪ ಪತ್ರ ಹಿಡಿದುಕೊಂಡು ತಾವೇ ಬಂದುಬಿಟ್ಟರು.

"ಇದಕ್ಕೆ ಸಹಿ ಹಾಕಿದ್ರೆ ಹೊಲದ ಪಹಣಿಗೇನೂ ತೊಂದ್ರೆ ಆಗಲ್ಲ ಹೌದಲ್ರೀ ಸಾರ್?"

"ಏನೂ ಆಗಲ್ಲ ಬೀರಪ್ಪ. ನೀವು ಮಂಗೋಲಿಯಾದ ಅಧ್ಯಕ್ಷರು ಅಂತ, ಅಷ್ಟೇ."

"ಅಲ್ಲಿ ಕುರಿ ಅದಾವೇನ್ರೀ?"

"ಜನಕ್ಕಿಂತ ಕುರಿನೇ ಜಾಸ್ತಿ."

"ಹಂಗಾರೆ ಒಳ್ಳೇ ದೇಶ ಬಿಡ್ರೀ" ಎಂದು ನಿಧಾನವಾಗಿ ಸಹಿ ಮಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮನ್ಯಾಗೆ ಕುರಿ ಮುಂದೆ ನಿಂತು ಮಾತಾಡಿ ಮಾತಾಡಿ ಕಲೀತಾಳೆ ಸಾರ್. ಜನದ ಮುಂದೆ ಮಾತಾಡಿದ್ದು ನಾ ಕಂಡಿಲ್ಲ. ಅವತ್ತು ಬರ್ತೀನಿ. ಆದ್ರೆ ನಾಕು ಗಂಟೆ ಬಸ್ಸಿಗೆ ವಾಪಸ್ ಹೋಗ್ಲೇಬೇಕು, ಕುರಿ ನೋಡ್ಕೊಳಾಕೆ ಭಾವನ್ನ ಅಷ್ಟೊತ್ತಿನ ತನಕ ಮಾತ್ರ ಒಪ್ಸೀನಿ" ಅಂದರು. ಎರಡು ಗಂಟೆಗೆ ಶುರು, ಮೂರೂವರೆಗೆ ಮುಗಿಯುತ್ತದೆ ಎಂದು ನಾನು ಮಾತು ಕೊಟ್ಟೆ.

ಆ ದಿನ ಮೇಜುಗಳನ್ನೆಲ್ಲ ಅರ್ಧಚಂದ್ರಾಕಾರವಾಗಿ ಕೆಳಗೇ ಜೋಡಿಸಿದ್ದೆ. ನಿಜವಾದ ವಿಶ್ವಸಂಸ್ಥೆಯಲ್ಲಿ ರಾಯಭಾರಿಗಳು ಕೂರುವುದು ಕೆಳಗೇ. ಮೊದಲ ಕುರ್ಚಿ ಯಾವ ದೇಶಕ್ಕೆ ಎಂದು ಅಲ್ಲಿ ಚೀಟಿ ಎತ್ತುತ್ತಾರೆ, ಉಳಿದವರು ಅಕ್ಷರಾನುಕ್ರಮದಲ್ಲಿ ಮುಂದುವರಿಯುತ್ತಾರೆ. ನಾವೂ ಎತ್ತಿದೆವು. ಮಾಲ್ಡೀವ್ಸ್ ಬಂತು. ನಮ್ಮ ಪಟ್ಟಿಯಲ್ಲಿ ಅದರ ಹಿಂದಿನ ಹೆಸರೇ ಮಂಗೋಲಿಯಾ ಆದ್ದರಿಂದ ಕಾವ್ಯ ಕಟ್ಟಕಡೆಗೆ ಹೋದಳು. ಅಷ್ಟರಲ್ಲಿ ಹೆಡ್‌ಮಾಸ್ತರು ಬಂದು ನೋಡಿ ಗಾಬರಿಯಾದರು.

"ಏನ್ರೀ ಇದು, ಇಷ್ಟು ದೇಶದ ರಾಯಭಾರಿಗಳನ್ನ ಕೆಳಗೆ ಕೂರ್ಸಿದೀರಿ? ವೇದಿಕೆಗೆ ಕರೀಬೇಡ್ವೇನ್ರೀ? ಒಬ್ರನ್ನ ಕರೆದು ಒಬ್ರನ್ನ ಬಿಟ್ರೆ ನಾಳೆ ಅವ್ರ ಮನೆಯೋರು ಬಂದು ಕೇಳ್ತಾರೆ."

ನಮ್ಮ ತಾಲ್ಲೂಕಿನಲ್ಲಿ ಮರ್ಯಾದೆಯೆಂದರೆ ವೇದಿಕೆ. ಹಾಲಿನ ಡೇರಿಯ ಸಭೆಯಲ್ಲೂ ಕೆಳಗಿದ್ದವರಿಗಿಂತ ಮೇಲಿದ್ದವರೇ ಹೆಚ್ಚಿರುತ್ತಾರೆ. ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಹದಿನೆಂಟು ಜನರನ್ನು ವೇದಿಕೆಗೆ ಕರೆಯಬೇಕಾದರೆ ಹದಿನೆಂಟು ಸ್ವಾಗತ ಮಾಡಬೇಕಲ್ಲ. ಆ ಲೆಕ್ಕ ಹೊಳೆದ ಕೂಡಲೇ ಕೈ ತಾನೇ ಮೈಕಿನ ಕಡೆ ಹೋಯಿತು. ಒಂದೊಂದು ದೇಶದ ಬೆಟ್ಟ, ನದಿ, ಬೆಳೆ, ಇತಿಹಾಸ ಎಲ್ಲ ಹೇಳಿ, ಒಂದೊಂದು ಗುಲಾಬಿ ಕೊಡಿಸಿ ಮೇಲೆ ಕರೆದೆ. ನೇಪಾಳಕ್ಕೆ ಬರುವಾಗ ಎವರೆಸ್ಟ್ ಹತ್ತಲು ತುಸು ಹೊತ್ತು ಹಿಡಿಯಿತು. ನನ್ನ ಸ್ವಾಗತ ಮುಗಿದಾಗ ಗಂಟೆ ಮೂರಕ್ಕೆ ಹತ್ತಿರವಾಗಿತ್ತು, ಕೆಳಗೆ ಖಾಲಿ ಮೇಜುಗಳು ಮತ್ತು ಹತ್ತಾರು ಪೋಷಕರು ಉಳಿದಿದ್ದರು. ಬೀರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದರು.

ವಿಷಯ ನೆರೆಹೊರೆಯ ದೇಶಗಳ ಸೌಹಾರ್ದ. ರಾಯಭಾರಿಗಳು ಒಬ್ಬೊಬ್ಬರಾಗಿ ಶಾಂತಿ ಬೇಕು, ಶಾಂತಿ ಬೇಕು ಎಂದು ಹೇಳುತ್ತ ಹೋದರು. ಬೀರಪ್ಪ ಮೊದಲು ಗೋಡೆ ಗಡಿಯಾರ ನೋಡಿದರು, ಆಮೇಲೆ ಮೊಬೈಲ್ ನೋಡಿದರು, ಆಮೇಲೆ ಎರಡೂ ಒಂದೇ ಹೊತ್ತು ಹೇಳುತ್ತವೆಯೇ ಎಂದು ಹೋಲಿಸಿ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಸಭೆಯ ಅಧ್ಯಕ್ಷರಾಗಿದ್ದ ಹೆಡ್‌ಮಾಸ್ತರು ನನಗೆ ಮುಗಿಸಿ ಎಂದು ಸನ್ನೆ ಮಾಡಿದರು. ನಾನು ಎದ್ದು ವಂದನಾರ್ಪಣೆ ಶುರು ಮಾಡಿಬಿಟ್ಟೆ. ಒಂದು ದೇಶ ಬಾಕಿ ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಮೈಕಿನವರಿಗೆ ವಂದಿಸಿದೆ, ಚಹಾದವರಿಗೆ ವಂದಿಸಿದೆ, ಗುಲಾಬಿ ಕೊಟ್ಟ ಮನೆಯವರಿಗೆ ವಂದಿಸುತ್ತಿದ್ದೆ. ಕಿಟಕಿ ಪಕ್ಕದಲ್ಲಿ ಬೀರಪ್ಪ ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡರು. ಆಗ ವೇದಿಕೆಯ ತುದಿಯಲ್ಲಿ ಮಂಗೋಲಿಯಾದ ನಾಮಫಲಕ ಮೇಲೆದ್ದಿತು.

"ಅಧ್ಯಕ್ಷರೇ, ಕ್ರಿಯಾಲೋಪ" ಎಂದಳು ಕಾವ್ಯ. "ಒಂದು ದೇಶ ಮಾತಾಡೋದು ಬಾಕಿ ಇದ್ದಾಗ ಸಭೆ ಮುಗಿಸೋ ಹಾಗಿಲ್ಲ. ಸಾರ್ ಕೂತ್ಕೋಬೇಕು."

ಇಡೀ ಸಭೆ ನನ್ನತ್ತ ತಿರುಗಿತು. ನಿಯಮ ಮುರಿದರೆ ಎಂಥ ದೊಡ್ಡವರನ್ನೂ ಹೀಗೆ ತಡೆಯಬಹುದು ಎಂದು ಪಾಠ ಮಾಡಿದ್ದವನು ನಾನೇ. ಆ ದೊಡ್ಡವರ ಪಟ್ಟಿಯಲ್ಲಿ ನಾನಿದ್ದೇನೆ ಎಂದು ಪಾಠ ಮಾಡುವಾಗ ಅನಿಸಿರಲಿಲ್ಲ. ಮೈಕನ್ನು ಅವಳ ಕೈಗೆ ಕೊಟ್ಟು ಕೂತೆ.

"ನಮ್ಮ ದೇಶಕ್ಕೆ ಸಮುದ್ರ ಇಲ್ಲ" ಎಂದು ಅವಳು ಶುರು ಮಾಡಿದಳು. "ಒಂದು ಕಡೆ ರಷ್ಯಾ, ಒಂದು ಕಡೆ ಚೀನಾ. ಎರಡು ಜೋಳದ ಹೊಲದ ನಡುವಿನ ದಾರೀಲಿ ಕುರಿ ಹೊಡ್ಕೊಂಡು ಹೋದವರಿಗೆ ನಮ್ಮ ಕಷ್ಟ ಗೊತ್ತಾಗುತ್ತೆ. ಆ ಕಡೆ ಬಾಯಿ ಹಾಕಿದ್ರೆ ಅವರು ಬೈತಾರೆ, ಈ ಕಡೆ ಬಾಯಿ ಹಾಕಿದ್ರೆ ಇವರು ಬೈತಾರೆ. ಬೈಸ್ಕೊಳ್ದೆ ದಾಟಿಸೋದೇ ನಮ್ಮ ಕೆಲಸ. ಅದಕ್ಕೆ ಇಬ್ಬರನ್ನೂ ದಿನಾ ಮಾತಾಡಿಸ್ತೀವಿ. ಬೆಳೆ ಹೆಂಗಿದೆ ಅಂತ ಕೇಳ್ತೀವಿ. ದೊಡ್ಡ ದೇಶದವರು ನಮ್ಮನ್ನ ಕೇಳಲ್ಲ, ಆದ್ರೂ ನಾವು ಕೇಳ್ತೀವಿ."

ಮೂರೇ ನಿಮಿಷ. ಬೀರಪ್ಪ ಚೀಲ ಹೊತ್ತುಕೊಂಡೇ ಗೋಡೆಗೆ ಒರಗಿ ನಿಂತಿದ್ದರು. ಹೊರಗೆ ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದು ಹೋದದ್ದು ಎಲ್ಲರಿಗೂ ಕೇಳಿಸಿತು. ಅವರು ಅಲ್ಲಾಡಲಿಲ್ಲ. ಚಪ್ಪಾಳೆ ಬಿದ್ದಾಗ ಹೆಗಲ ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಇಂಥ ಮಾತನ್ನು ಒಳಗಿಟ್ಟುಕೊಂಡ ಮಗು ಒಂದು ವರ್ಷ ನನ್ನೆದುರು ಕೂತಿತ್ತು, ನಾನು ಅಷ್ಟೂ ದಿನ ನಾನೇ ಮಾತಾಡಿದ್ದೆ.

ಶಿವಮೊಗ್ಗಕ್ಕೆ ಮೊದಲ ಹೆಸರು ಅವಳದೇ ಆಯಿತು. ಬಸ್ಸು ತಪ್ಪಿಸಿದವನು ನಾನಾದ್ದರಿಂದ ಅಪ್ಪ ಮಗಳಿಬ್ಬರನ್ನೂ ನನ್ನ ಬೈಕಿನಲ್ಲೇ ಊರಿಗೆ ಬಿಡಲು ಹೊರಟೆ. ದಾರಿಯುದ್ದಕ್ಕೂ ಬಾಯಿ ಬಿಡಬಾರದು ಎಂದು ನಿರ್ಧರಿಸಿದ್ದೆ. ಊರ ಹತ್ತಿರ ಬೀರಪ್ಪನೇ ಹಿಂದಿನಿಂದ ಕೇಳಿದರು.

"ಶಿವಮೊಗ್ಗಕ್ಕೆ ನಾನೂ ಬರ್ಬೋದೇನ್ರೀ ಸಾರ್?"

"ಬರ್ಲೇಬೇಕು. ಅಧ್ಯಕ್ಷರಿಲ್ದೆ ಆಗುತ್ತಾ?"

"ಅಲ್ಲಿ ಸ್ವಾಗತ ಮಾಡೋರು ಯಾರ್ರೀ?"

"ಅಲ್ಲಿಯವರೇ ಯಾರೋ ಇರ್ತಾರೆ. ನಾನಲ್ಲ."

ಬೀರಪ್ಪ ಗೊಣಗುತ್ತ ಹೊತ್ತಿನ ಲೆಕ್ಕ ಹಾಕಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ, ಸುಮ್ಮನೆ ಮನೆಯ ವ್ಯವಸ್ಥೆಯ ಮಾತು ಅದು.

"ಹಂಗಾರೆ ಭಾವಂಗೆ ಅರ್ಧ ದಿನ ಕುರಿ ಕಾಯಾಕೆ ಹೇಳಿದ್ರೆ ಸಾಕು" ಅಂದರು.