ಬಿಸಿಲಿಗೆ ಮುಖ ಮಾಡಿದ ಮತದಾರರು

ನನ್ನ ಕಸುಬಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಹಂಪಿಗೆ ಬಂದ ಪ್ರವಾಸಿಗರನ್ನು ಕಲ್ಲುಕಂಬಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ನನ್ನ ಕೆಲಸ. ಈ ಜಂಬ ಚುನಾವಣೆಯ ದಿನವೊಂದನ್ನು ಬಿಟ್ಟು ವರ್ಷವಿಡೀ ಇರುತ್ತದೆ. ನಮ್ಮೂರಿನ ಅರ್ಧಕ್ಕರ್ಧ ಜನರ ವೋಟರ್ ಕಾರ್ಡಿನಲ್ಲಿರುವ ಫೋಟೋ ನಾನು ತೆಗೆದದ್ದು.

ಆ ಕಾರ್ಡು ಮಾಡಿಸುವಾಗ ಶಾಲೆಯ ಅಂಗಳದಲ್ಲಿ ಪರದೆಗೆಂದು ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಒಬ್ಬೊಬ್ಬರನ್ನೇ ಕೂರಿಸಿದ್ದೆ. ಪ್ರವಾಸಿಗರಿಗೆ ಹೇಳುವ ಹಾಗೆಯೇ ಇವರಿಗೂ "ಬಿಸಿಲಿಗೆ ಮುಖ ಮಾಡ್ರಿ" ಎಂದೆ. ಪ್ರವಾಸಿಗರಿಗೆ ಕರಿ ಕನ್ನಡಕವಿರುತ್ತದೆ, ನಮ್ಮವರಿಗಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಕಾರ್ಡು ಬಂದಾಗ ನೋಡಿದರೆ ಎಲ್ಲರದೂ ಕಣ್ಣು ಮುಚ್ಚಿತ್ತು. ನನ್ನದನ್ನು ನಾನೇ ಟೈಮರ್ ಇಟ್ಟು, ಓಡಿಬಂದು ಕೂತು ತೆಗೆದುಕೊಂಡಿದ್ದೆ. ಕೂರುವ ಮೊದಲೇ ಕ್ಲಿಕ್ಕಾಗಿ ಒಂದು ಕಿವಿ, ಅರ್ಧ ಮೀಸೆ ಮಾತ್ರ ಬಂದಿದ್ದವು.

ನನ್ನ ಹೆಂಡತಿ ಗಂಗಮ್ಮ ತನ್ನ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿದಳು. "ಇದನ್ನ ತೋರ್ಸಿದ್ರ ನನ್ನ ಹೆಸರು ಸತ್ತವರ ಪಟ್ಟಿಗೆ ಸೇರಸ್ತಾರ" ಎಂದು ಪ್ರತಿ ಸಲ ಬ್ಯಾಂಕಿನ ಪಾಸ್‌ಬುಕ್ ಒಯ್ಯುತ್ತಾಳೆ. ಅದರ ಮೇಲಿನ ಫೋಟೋ ಹೊಸಪೇಟೆಯ ಸ್ಟುಡಿಯೋದ್ದು. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುತ್ತದೆ.

ಈ ಸಲ ಬೂತಿಗೆ ಬಂದ ಅಧಿಕಾರಿ ಹೊರಗಿನವರು, ಬಹಳ ಕಟ್ಟುನಿಟ್ಟು. ಬಾಳೆತೋಟದ ಈರಜ್ಜ ಕಾರ್ಡು ಕೊಟ್ಟವನೇ ಕಣ್ಣು ಮುಚ್ಚಿ ನಿಂತ.

"ಯಾಕಜ್ಜ, ತಲೆ ಸುತ್ತುತ್ತಾ?"

"ಇಲ್ರೀ ಸಾಹೇಬ್ರ, ಫೋಟೋಕ್ಕ ಹೊಂದ್ಲಿ ಅಂತ."

ಅಧಿಕಾರಿ ಮುಖ ನೋಡಿದರು, ಕಾರ್ಡು ನೋಡಿದರು. ಹೊಂದಿತು. ಅಲ್ಲಿಂದ ಮುಂದೆ ಬಂದವರೆಲ್ಲ ಕಣ್ಣು ಮುಚ್ಚಿ ಗುರುತು ಕೊಟ್ಟು, ಕಣ್ಣು ಬಿಟ್ಟು ವೋಟು ಹಾಕಿದರು. ನಿಯಮ ಎಂದರೆ ನಿಯಮ.

ನನ್ನ ಸರದಿ ಬಂತು. ಅಧಿಕಾರಿ ನನ್ನ ಕಾರ್ಡನ್ನು ಅಡ್ಡ, ಉದ್ದ, ತಲೆಕೆಳಗು ಮಾಡಿ ನೋಡಿದರು. "ಇದು ನೀವಂತ ಹೆಂಗ್ರೀ ನಂಬೋದು? ಬೇರೆ ಏನಾದ್ರೂ ಇದೆಯಾ?"

ನಾನು ಏನೂ ಒಯ್ದಿರಲಿಲ್ಲ. ಊರಿಗೆಲ್ಲ ಗುರುತು ಮಾಡಿಕೊಟ್ಟವನನ್ನು ಯಾರು ಕೇಳುತ್ತಾರೆ ಎಂಬ ಧಿಮಾಕು. ಇದುವರೆಗೆ ಒಂದು ವೋಟನ್ನೂ ತಪ್ಪಿಸಿದವನಲ್ಲ. ಪಕ್ಕದಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಿದ್ದ ಗಂಗಮ್ಮನ ಕಡೆ ದೀನನಾಗಿ ನೋಡಿದೆ.

"ಅಮ್ಮಾ, ಇವರು ನಿಮಗೆ ಗೊತ್ತಾ?" ಎಂದರು ಅಧಿಕಾರಿ.

ಅವಳು ಕಾರ್ಡು ಇಸಿದುಕೊಂಡು ಸಾವಕಾಶವಾಗಿ ನೋಡಿದಳು. "ಫೋಟೋದಾಗ ಇರೋದು ಇವ್ರೋ ಅಲ್ಲೋ ನನಗ ಹೇಳಾಕ ಬರಂಗಿಲ್ರಿ. ಆದ್ರ ತೆಗದವರು ಮಾತ್ರ ಇವ್ರೇ."

"ಹೌದ್ರಿ, ಇವ್ರೇ" ಎಂದು ಇಡೀ ಸಾಲು ಸಾಕ್ಷಿ ಹೇಳಿತು. ಅಧಿಕಾರಿ ನಗು ತಡೆದುಕೊಂಡು ನನ್ನನ್ನು ಒಳಗೆ ಬಿಟ್ಟರು. ಇಷ್ಟು ವರ್ಷದಲ್ಲಿ ನನ್ನ ಕೈಚಳಕವನ್ನು ಊರು ಒಕ್ಕೊರಲಿನಿಂದ ಗುರುತಿಸಿದ್ದು ಅದೇ ಮೊದಲು.

ಮರುದಿನ ಗಂಗಮ್ಮನಿಗೆ ಹೇಳದೆ ಹೊಸಪೇಟೆಗೆ ಹೋಗಿ, ಆ ಸ್ಟುಡಿಯೋದಲ್ಲೇ ಒಂದು ಫೋಟೋ ತೆಗೆಸಿಕೊಂಡು ಬಂದೆ. ಚೆನ್ನಾಗಿ ಬಂದಿದೆ.