ಹತ್ತನೆಯ ಕಮಾನು ಪಟ್ಟಿ

ವಯಸ್ಸಾದ ಮೇಲೆ ಮನುಷ್ಯನಿಗೆ ಏನಾದರೂ ಒಂದು ಹುಚ್ಚು ಹಿಡಿಯಲೇಬೇಕೆಂದು ಕಾಣುತ್ತದೆ. ಕೆಲವರಿಗೆ ವಾಕಿಂಗ್ ಹಿಡಿಯುತ್ತದೆ, ಕೆಲವರಿಗೆ ಮೆಂತ್ಯದ ನೀರು. ನನಗೆ ಹಿಡಿದದ್ದು ಕಾರಿನ ಹಿಂಭಾಗ. ಕಾರೆಂದರೆ ನಮ್ಮಪ್ಪ ಯಾವುದೋ ಎಸ್ಟೇಟಿನ ದೊರೆಯಿಂದ ಕೊಂಡ, ಎರಡೇ ಸೀಟಿನ ವಿಲಾಯಿತಿ ಸ್ಪೋರ್ಟ್ಸ್ ಕಾರು. ನಂಜನಗೂಡಿನ ನಮ್ಮ ಪಾತ್ರೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಕೊಪ್ಪರಿಗೆಗಳ ನಡುವೆ ಅದರ ವಾಸ. ವೇಗಕ್ಕೆಂದೇ ಹುಟ್ಟಿದ ಕಾರು ಎನ್ನುತ್ತಾರೆ. ನಮ್ಮ ಮನೆಗೆ ಬಂದ ಮೇಲೆ ಅದಕ್ಕೆ ಅಂಥ ಆತುರವೇನೂ ಇದ್ದಂತಿಲ್ಲ.

"ಈ ಕಾರಿನ ಒಂದು ತುಂಡೂ ಮನೆ ಬಿಟ್ಟು ಹೋಗಿಲ್ಲ" ಎಂದು ಅಪ್ಪ ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಲ್ಲದ ಮೇಲೆ ಆ ಮಾತು ಉಳಿಸುವ ಹೊಣೆ ನನ್ನದಾಯಿತು. ಮೈಸೂರಿನ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅದು 'ಒರಿಜಿನಲ್' ಸಾಲಿನಲ್ಲೇ ಹೋಗಬೇಕೆಂದು ಹಟ ತೊಟ್ಟೆ. ಪರೀಕ್ಷೆಗೆ ಬಂದ ಸಾಹೇಬರು ಎಂಜಿನ್ ಕಡೆ ತಿರುಗಿಯೂ ನೋಡದೆ ಸೀದಾ ಕಾರಿನ ಹಿಂದೆ ಮಲಗಿದರು. ಹಿಂದಿನ ಚಕ್ರಗಳ ಮೇಲೆ ಕಾರಿನ ಭಾರ ಹೊರಲು ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ. ಅವೇ ಕಮಾನು ಪಟ್ಟಿಗಳು. ಬಲಕ್ಕೆ ಐದು, ಎಡಕ್ಕೆ ಐದು. ಒಂಬತ್ತರ ತುದಿಯಲ್ಲಿ ಕಾರ್ಖಾನೆಯ ನಂಬರು ಒತ್ತಿತ್ತು. ಎಡಗಡೆಯ ಒಂದರಲ್ಲಿ ಇರಲಿಲ್ಲ.

"ಇದು ಬೇರೆ ಯಾವುದೋ ಗಾಡೀದು ಸರ್. ತೆಗೆದದ್ದು ನಿಮ್ಮ ಹತ್ರಾನೇ ಇದ್ದರೆ ತಂದು ತೋರಿಸಿ, ಒಪ್ಪಿಕೊಳ್ತೀವಿ. ಇಲ್ಲದಿದ್ದರೆ ರಿಪೇರಿ ಕಾರುಗಳ ಸಾಲು" ಎಂದು ಹೇಳಿ ಅವರು ಪ್ಯಾಂಟು ಕೊಡವಿಕೊಂಡು ಹೊರಟರು.

ಅಂದಿನಿಂದ ನಾನು ಬೆನ್ನ ಮೇಲೆ ಬದುಕತೊಡಗಿದೆ. ಟಾರ್ಚು, ಭೂತಗನ್ನಡಿ ಹಿಡಿದು ಕಾರಿನ ಕೆಳಗೆ ಸೇರಿದರೆ ಊಟಕ್ಕೇ ಏಳುತ್ತಿದ್ದದ್ದು. ಗಿರಾಕಿಗಳು ಕೇಳಿದರೆ ನನ್ನ ಹೆಂಡತಿ ಗಿರಿಜಾ, "ಅಲ್ಲಿ ಕಾಲು ಕಾಣಿಸ್ತಿದೆಯಲ್ಲ, ಅವರೇ. ಮಾತಾಡಿಸಿ" ಎನ್ನುತ್ತಿದ್ದಳು. ರಸ್ತೆಯಲ್ಲಿ ನಿಂತ ಲಾರಿಗಳ ಹಿಂದೆಯೂ ಬಗ್ಗುವ ಚಾಳಿ ಅಂಟಿತು. ಬಿಳಿಗೆರೆಯ ಡ್ರೈವರೊಬ್ಬ ಮರುಕದಿಂದ, "ಏನ್ ಕಳ್ಕಂಡ್ರಿ ಸಾ?" ಎಂದು ಕೇಳಿ ತಾನೂ ಬಗ್ಗಿ ಹುಡುಕಿದ.

ಕೊನೆಗೆ, ಅಪ್ಪನ ಕಾಲದಲ್ಲಿ ಕಾರಿನ ಕಬ್ಬಿಣದ ಕೆಲಸ ಮಾಡುತ್ತಿದ್ದ ಟಿ. ನರಸೀಪುರದ ನಿಂಗಾಚಾರಿಯನ್ನು ಹುಡುಕಿಕೊಂಡು ಹೋದೆ. ಈಗಲೂ ಕುಲುಮೆಯ ಮುಂದೆ ಕೂತಿದ್ದ ಮುದುಕ, ನನ್ನ ಪ್ರಶ್ನೆ ಕೇಳಿ ನಕ್ಕುಬಿಟ್ಟ.

"ಅಲ್ಲಾ ಸಾ, ಅದು ನಿಮ್ಮನೇಲೇ ಅದಲ್ಲ. ಪಟ್ಟಿ ಮುರುದೋಯ್ತು ಅಂತ ನಿಮ್ಮಪ್ಪಾರು ಬೇರೆ ಆಕುಸ್ಕಂಡ್ರು. ಮುರುದಿದ್ದನ್ನ ನನ್ ಕೈಗ್ ಕೊಟ್ಟು, 'ಮನೆಗೆ ಸೊಸೆ ಬತ್ತಾವ್ಳೆ, ಇದ್ರಲ್ಲೇ ಒಂದು ಈಳ್ಗೆ ಮಣೆ ಮಾಡ್ಕೊಡು' ಅಂದ್ರು. ಬಡ್ದು ಬಡ್ದು ನನ್ ರಟ್ಟೆ ಬಿದ್ದೋಯ್ತು. ಮಣೆಗೆ ಕೂರ್ಸೋ ತುದೀಲಿ ಏನೋ ಬರ್ದಿತ್ತು. ಇರ್ಲಿ ಪಾಪ ಅಂತ ಅಷ್ಟನ್ನ ಬಡೀದೆ ಬುಟ್ಟೆ."

ನಾನು ಮನೆಗೆ ಓಡಿಬಂದಾಗ ಗಿರಿಜಾ ಅದರ ಮೇಲೇ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಅಂಗಡಿಯಿಂದ ನಾನು ತಂದುಕೊಟ್ಟ ಸ್ಟೀಲ್ ಚಾಕುಗಳನ್ನು ಅವಳು ಮೂವತ್ತು ವರ್ಷದಿಂದ ಮೂಸಿಯೂ ನೋಡಿಲ್ಲ. ನಾನು ನೆಲಕ್ಕೆ ಮಲಗಿ ಟಾರ್ಚು ಬಿಟ್ಟು ಭೂತಗನ್ನಡಿ ಹಿಡಿದೆ. ಅಲಗಿನ ಬುಡದಲ್ಲಿ ಅದೇ ನಂಬರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಅಪ್ಪ ಸುಳ್ಳು ಹೇಳಿರಲಿಲ್ಲ.

"ನನ್ನ ಮುಖಾನ ಯಾವತ್ತಾದರೂ ಹೀಗೆ ಭೂತಗನ್ನಡಿ ಹಿಡಿದು ನೋಡಿದ್ರೇನ್ರೀ?" ಎಂದಳು ಗಿರಿಜಾ. ಅಲಗು ಬಿಚ್ಚಿ ಕೊಡು ಎಂದದ್ದಕ್ಕೆ ಸುತರಾಂ ಒಪ್ಪಲಿಲ್ಲ. "ಮಾವನವರು ನನಗೆ ಮಾಡಿಸಿಕೊಟ್ಟದ್ದು. ಅದು ಬಂದರೆ ನಾನೂ ಬರ್ತೀನಿ." ಆ ಕಾರಿನಲ್ಲಿ ಅವಳು ಅದುವರೆಗೆ ಕೂತದ್ದು ಒಂದೇ ಸಲ. ಅದೂ ಅರ್ಧ ದಾರಿಯಲ್ಲಿ ಇಳಿದು ತಳ್ಳಿದ್ದಳು.

ಹೀಗೆ ನಾವಿಬ್ಬರೂ ಮೈಸೂರಿಗೆ ಹೋದೆವು. ಗಿರಿಜಾ ರೇಷ್ಮೆ ಸೀರೆ ಉಟ್ಟು, ಟವೆಲಿನಲ್ಲಿ ಸುತ್ತಿದ ಈಳಿಗೆ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ನಂಬರು ತಾಳೆ ಹಾಕಿದರು.

"ಇದರಲ್ಲಿ ಇನ್ನೂ ಹೆಚ್ಚುತ್ತೀರಾ ಮೇಡಂ?"

"ಬೆಳಿಗ್ಗೆ ಬಾಳೆದಿಂಡು ಹೆಚ್ಚಿಟ್ಟೇ ಬಂದೆ" ಎಂದಳು ಗಿರಿಜಾ. ಸಾಹೇಬರು ನಗುತ್ತಲೇ 'ಒರಿಜಿನಲ್' ಎಂದು ಬರೆದು ಸಹಿ ಹಾಕಿದರು. ಮೆರವಣಿಗೆಯುದ್ದಕ್ಕೂ ಜನ ಕೈಬೀಸಿದರು. ನನಗೆ ಬೀಸುತ್ತಿದ್ದಾರೆಂದು ನಾನೂ ಬೀಸಿದೆ. ಆಮೇಲೆ ತಿಳಿಯಿತು, ಗಿರಿಜಾ ಟವೆಲು ಬಿಚ್ಚಿ ಮಣೆಯನ್ನು ಎತ್ತಿ ತೋರಿಸುತ್ತಿದ್ದಳು.

ವಾಪಸು ಬರುವಾಗ ತಾಂಡವಪುರದ ಹತ್ತಿರ ಕಾರು ಕೆಮ್ಮಿ ನಿಂತಿತು. ನಾನು ಬಾನೆಟ್ಟು ಎತ್ತುವಷ್ಟರಲ್ಲಿ ಗಿರಿಜಾ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು. "ಸಾಯಂಕಾಲ ಅಡುಗೆ ಆಗಬೇಕು. ಇದನ್ನ ನಾನು ತಗೊಂಡು ಹೋಗಿರ್ತೀನಿ, ಮಿಕ್ಕಿದ್ದನ್ನ ನೀವು ತಳ್ಕೊಂಡು ಬನ್ನಿ" ಎಂದು ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿಯೇಬಿಟ್ಟಳು.

ಬಗ್ಗಿ ತಳ್ಳುವವನಿಗೆ ಕಮಾನು ಪಟ್ಟಿಗಳು ಬಹಳ ಚೆನ್ನಾಗಿ ಕಾಣುತ್ತವೆ. ದಾರಿಯುದ್ದಕ್ಕೂ ಎಣಿಸುತ್ತಲೇ ಬಂದೆ. ಒರಿಜಿನಲ್ ಒಂಬತ್ತು ನನ್ನೊಡನೆ ತೆವಳುತ್ತಿದ್ದವು. ಹತ್ತನೆಯದು ಅಷ್ಟು ಹೊತ್ತಿಗೆ ಮನೆ ಸೇರಿ, ಹುಳಿಗೆ ಸೌತೆಕಾಯಿ ಹೆಚ್ಚುತ್ತಿತ್ತು.